ಬಳಕಿ ಅನ್ನೋ ಶಬ್ದ ಎಲ್ಲಿ ಹೋತ್ರಿ ಸಂಪಾದಕರೇ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಹೋದ ಸಲ ನಿಮಗ ಪತ್ರ ಬರೆದಿದ್ದು ಎಡದಂಡೆ ಕಾಲುವಿ ಕೊನೀ ಭಾಗಕ್ಕ ನೀರು ಮುಟ್ಟವಲ್ದು ಅಂತ, ಅದನ್ನ ನೀವು ಹಾಕಿದ್ರಿ, ನೀರು ಮಾತ್ರ ಇನ್ನೂ ಮುಟ್ಟಿಲ್ಲ, ಇರ್ಲಿ. ಈ ಸಲ ಒಂದು ಶಬ್ದದ ಮ್ಯಾಲೆ ತಕರಾರು ಐತಿ, ಅದರ ಜೊತಿಗೆ ನಮ್ಮ ಬಳಕಿ ಅನ್ನೋ ಶಬ್ದದ ಸುದ್ದಿನೂ ಐತಿ. ಇಷ್ಟು ಸಣ್ಣ ವಿಷಯಕ್ಕ ಈ ಮೇಷ್ಟ್ರು ಇಷ್ಟು ಉದ್ದ ಬರೀತಾನಲ್ಲ ಅಂತ ನಿಮ್ಮ ಆಫೀಸಿನಾಗ ನಗಬಹುದು, ನಗ್ರಿ, ಆದ್ರ ಪೂರ್ತಿ ಓದ್ರಿ.

ಹೋದ ವಾರದ ನಿಮ್ಮ ಉದ್ಯೋಗದ ಪುಟದಾಗ ಇಂಟರ್‌ವ್ಯೂಗೆ ಹೋಗೋ ಹುಡುಗ್ರಿಗೆ ಅಂತ ಒಂದು ಲೇಖನ ಬಂದಿತ್ತು. ಅಂಗಿ ಇಸ್ತ್ರಿ ಮಾಡ್ಕೊಂಡು ಹೋಗ್ರಿ, ಫೋನ್ ಸೈಲೆಂಟ್ ಇಡ್ರಿ, ಹತ್ತು ನಿಮಿಷ ಮೊದ್ಲ ಹೋಗ್ರಿ ಅಂತೆಲ್ಲ ಚೊಲೋನ ಬರ್ದಿದ್ರು. ನಡುವ ಒಂದು ಸಾಲು, "ಸಂದರ್ಶಕರೊಂದಿಗೆ ಉತ್ತಮ ರ‍್ಯಾಪೋರ್ಟ್ (ಹೊಂದಾಣಿಕೆ) ಬೆಳೆಸಿಕೊಳ್ಳಿ". ಅಲ್ರೀ, ಇಂಟರ್‌ವ್ಯೂ ಮಾಡೋರ ಜೊತಿಗೆ ಹೊಂದಾಣಿಕೆ ಮಾಡ್ಕೊಳ್ಳೋದು ಅಂದ್ರ ನಮ್ಮೂರಾಗ ಏನರ್ಥ ಆಗ್ತೈತಿ ಗೊತ್ತೇನು? ಒಳಗಿಂದೊಳಗ ರೊಕ್ಕ ಕೊಟ್ಟು ನೌಕರಿ ಮಾಡ್ಸ್ಕೊಳ್ಳೋದು ಅಂತ. ನಮ್ಮ ಓಣಿ ಹುಡುಗ ಒಬ್ಬ ಅದನ್ನ ಓದಿ ನನ್ನ ಹತ್ರ ಬಂದು "ಸರ್, ಎಷ್ಟರ ಮಟ ಹೊಂದಾಣಿಕೆ ಮಾಡ್ಕೋಬೇಕ್ರಿ" ಅಂತ ನಕ್ಕ. ಅವನು ಚೇಷ್ಟಿ ಮಾಡಾಕ ಕೇಳಿದ್ದು ಖರೆ, ಆದ್ರ ಆ ಚೇಷ್ಟಿಗೆ ಜಾಗ ಕೊಟ್ಟೋರು ನೀವು.

ಮೊದ್ಲು ಆ ಇಂಗ್ಲಿಷ್ ಶಬ್ದದ ಸುದ್ದಿ ಮುಗಿಸಿಬಿಡ್ತೀನಿ. ಅದನ್ನ ರ‍್ಯಾಪೋರ್ಟ್ ಅನ್ನಂಗಿಲ್ಲ, ಕೊನೀ ಟ ಬಾಯಾಗ ಬರಂಗಿಲ್ಲ, ರ‍್ಯಾಪೋ ಅಂತಾರ. ಎದುರಿಗಿನವರ ಜೊತಿ ಮನಸ್ಸು ಬೆರೆಯೋದು ಅಂತ ಅದರ ಅರ್ಥ. ಇದನ್ನ ನಾನು ಹುಟ್ಟಾ ತಿಳ್ಕೊಂಡು ಬಂದವನಲ್ಲ, ನಾಚಿಕಿ ಬಿಟ್ಟು ಹೇಳ್ತೀನಿ. 2011ರ ಜನಗಣತಿಗೆ ನಮ್ಮನ್ನ ಗಣತಿದಾರರು ಅಂತ ಹಾಕಿದ್ರು, ಅದಕ್ಕೂ ಮೊದ್ಲು ಒಂದು ಟ್ರೇನಿಂಗ್. ಮುಂದ ನಿಂತೋರು "ಮನೆಗೆ ಹೋದ ತಕ್ಷಣ ಪ್ರಶ್ನೆ ಕೇಳಬಾರದು, ಮೊದಲು ರ‍್ಯಾಪೋ ಬಿಲ್ಡ್ ಮಾಡ್ಬೇಕು" ಅಂದ್ರು. ನಾನೂ ನನ್ನ ಪಕ್ಕ ಕುಂತ ಮಾಸ್ತರೂ ಇಬ್ರೂ ಹಿಂದಿನ ಬೆಂಚಿನೋರು, ಫ್ಯಾನಿನ ಗರಗರ ಬ್ಯಾರೆ, ಇಬ್ರೂ ನೋಟ್‌ಬುಕ್ಕಿನಾಗ "ಮೊದಲು ರಿಪೋರ್ಟ್" ಅಂತ ಬರ್ಕೊಂಡ್ವಿ. ಮೊದಲ ದಿನ ಸಂಜಿಗೆ ಅವ ಮಾಸ್ತರ ಎರಡು ಪುಟ ರಿಪೋರ್ಟ್ ಬರ್ಕೊಂಡು ಮೇಲ್ವಿಚಾರಕರ ಕೈಗೆ ಕೊಟ್ಟಾನ, ಅವರು ಇದೇನ್ರಿ ಅಂದ್ರ "ನೀವೇ ಹೇಳಿದ್ರಲ್ರಿ ಮೊದ್ಲು ರಿಪೋರ್ಟ್ ಅಂತ" ಅಂದಾನ. ವರ್ಷಗಟ್ಲೆ ಆ ಮಾತಿಗೆ ನಾವು ನಕ್ಕೀವಿ.

ಆದ್ರ ನೋಡ್ರಿ, ಆಮ್ಯಾಲೆ ತಿಳೀತು, ಅವ ಮಾಸ್ತರಂದು ಪೂರ್ತಿ ತಪ್ಪಲ್ಲ. ಆ ಶಬ್ದ ಇಂಗ್ಲಿಷಿಗೆ ಬಂದಿದ್ದು ಫ್ರೆಂಚಿನಿಂದ, ಫ್ರೆಂಚಿನಾಗ ಅದರ ಮೂಲ ಕ್ರಿಯಾಪದಕ್ಕ ವಾಪಸ್ ತರೋದು ಅಂತ ಅರ್ಥ, ಇವತ್ತಿಗೂ ಫ್ರೆಂಚ್ ಮಂದಿ ಅದೇ ಶಬ್ದನ ವರದಿ ಅನ್ನೋದಕ್ಕೂ ಬಳಸ್ತಾರ. ರಿಪೋರ್ಟ್, ರ‍್ಯಾಪೋ ಎರಡೂ ಒಂದೇ ಮನೀ ಅಣ್ಣತಮ್ಮರು ಇದ್ದಂಗ. ಇನ್ನೊಂದು ಮಜಾ ಅಂದ್ರ 18ನೇ ಶತಮಾನದಾಗ ಮೆಸ್ಮರ್ ಅಂತ ಒಬ್ಬ ಡಾಕ್ಟರ್ ಇದ್ದ, ಕೈ ಆಡಿಸಿ ರೋಗ ವಾಸಿ ಮಾಡ್ತೀನಿ, ನನ್ನ ಮೈಯಾಗಿನ ಒಂದು ಥರದ ಅಯಸ್ಕಾಂತದ ಶಕ್ತಿ ರೋಗಿ ಮೈಗೆ ಹರೀತೈತಿ ಅಂತಿದ್ದ, ಪ್ಯಾರಿಸ್ಸಿನಾಗ ಶ್ರೀಮಂತರೆಲ್ಲ ಅವನ ಮನೀ ಮುಂದ ಸಾಲು. ಅವನ ಪಂಥದೋರು ವೈದ್ಯನಿಗೂ ರೋಗಿಗೂ ನಡುವ ಕೂಡೋ ಆ ಸಂಬಂಧಕ್ಕ ರ‍್ಯಾಪೋ ಅಂತಿದ್ರು. 1784ರಾಗ ಫ್ರಾನ್ಸಿನ ರಾಜ ಒಂದು ಸಮಿತಿ ಮಾಡಿದ, ಅದರಾಗ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇದ್ದ, ರಸಾಯನಶಾಸ್ತ್ರದ ಪಂಡಿತ ಲವೋಸಿಯೇ ಇದ್ದ, ಅವರು ಪರೀಕ್ಷೆ ಮಾಡಿ ಶಕ್ತಿ ಗಿಕ್ತಿ ಏನೂ ಇಲ್ಲ, ಎಲ್ಲ ರೋಗಿ ಕಲ್ಪನೆ ಅಂತ ಹೇಳಿಬಿಟ್ರು. ಶಕ್ತಿ ಹೋತು, ಶಬ್ದ ಉಳೀತು, ಅಲ್ಲಿಂದ ಮನಶ್ಶಾಸ್ತ್ರದ ಪುಸ್ತಕಕ್ಕ ಬಂತು, ಅಲ್ಲಿಂದ ಬಿಎಡ್ ಕ್ಲಾಸಿಗೆ, ಸೇಲ್ಸ್ ಹುಡುಗ್ರ ಟ್ರೇನಿಂಗಿಗೆ, ಈಗ ನಿಮ್ಮ ಉದ್ಯೋಗದ ಪುಟಕ್ಕ.

ಈಗ ನಮ್ಮ ಬಳಕಿ ಅನ್ನೋ ಶಬ್ದಕ್ಕ ಬರ್ತೀನಿ.

ಅದ 2011ರ ಫೆಬ್ರವರಿ, 9ನೇ ತಾರೀಖಿನಿಂದ 28ರ ಮಟ ಗಣತಿ. ಗಂಗಾವತಿ ಹತ್ರದ ಒಂದು ಹಳ್ಳಿ ನನ್ನ ಪಾಲಿಗೆ ಬಂದಿತ್ತು. ಫೆಬ್ರವರಿ ಅಂದ್ರೂ ನಮ್ಮ ಕಡೆ ಹನ್ನೊಂದು ಗಂಟಿಗೆ ನೆತ್ತಿ ಸುಡ್ತೈತಿ, ಅದು ನಿಮಗ ಗೊತ್ತಿದ್ದದ್ದ. ಒಂದು ಮನೀ ಮುಂದ ಒಬ್ಬ ಮುದುಕಿ ಕಟ್ಟಿ ಮ್ಯಾಲೆ ಕುಂತು ಹುಣಸಿಹಣ್ಣಿನ ಬೀಜ ಬಿಡಿಸ್ತಿದ್ಲು. ನಾನು ಚೀಲ ತಗ್ದು ಫಾರಂ ಬಿಚ್ಚಿ "ಅಮ್ಮಾ, ಮನೆ ಯಜಮಾನರ ಹೆಸರು ಹೇಳಿ" ಅಂದೆ, ಥೇಟ್ ಪುಸ್ತಕದ ಕನ್ನಡದಾಗ. ಆಕಿ ತಲಿ ಎತ್ತಲೇ ಇಲ್ಲ. "ಮನ್ಯಾಗ ಯಾರೂ ಇಲ್ಲ, ನಾಳಿ ಬಾ" ಅಂದ್ಲು. ಒಳಗ ಟಿವಿ ಸಪ್ಪಳ ಕೇಳ್ತಿತ್ತು, ಒಗ್ಗರಣಿ ವಾಸನಿ ಬರ್ತಿತ್ತು, ಯಾರೂ ಇಲ್ಲ ಅಂತ. ಸಾಲ ವಸೂಲಿಯವ ಅನ್ಕೊಂಡ್ಲೋ ಏನೋ, ಚೀಲ ಹಾಕ್ಕೊಂಡು ಬರೋರೆಲ್ಲ ಆಕಿ ಕಣ್ಣಿಗೆ ಒಂದ.

ನನಗ ಸಿಟ್ಟು ಬರಬೇಕಿತ್ತು, ಬರ್ಲಿಲ್ಲ, ಯಾಕಂದ್ರ ಗಂಟಲು ಒಣಗಿತ್ತು. ಫಾರಂ ಮಡಚಿ ಚೀಲದಾಗ ಇಟ್ಟು "ಯವ್ವಾ, ಒಂದೀಟು ನೀರು ಕೊಡಬೇ" ಅಂದೆ. ಆಕಿ ಕೈ ಅಲ್ಲೇ ನಿಂತ್ವು. ಎದ್ದು ಒಳಗ ಹೋಗಿ ತಂಬಿಗಿ ತುಂಬ ತಂದ್ಲು, ಹರವಿ ನೀರು, ತಣ್ಣಗ. ನಾನು ಕುಡಿಯೋ ಮಟ ನೋಡ್ಕೋತ ನಿಂತು "ಯಾವೂರಪ್ಪ ನಿಂದು" ಅಂದ್ಲು. ಹೇಳಿದೆ. "ಅಲ್ಲಿ ಯಾರ ಪೈಕಿ" ಅಂದ್ಲು. ಅದನ್ನೂ ಹೇಳಿದೆ. "ಅಯ್ಯ, ಅಲ್ಲಿ ನಮ್ಮ ಚಿಗವ್ವನ ಮಗಳನ್ನ ಕೊಟ್ಟೈತಿ, ಹಗಸಿ ಹತ್ರ ಮನಿ" ಅಂದ್ಲು. ಹಗಸಿ ಹತ್ರದ ಆ ಮನಿ ನಾನು ದಿನಾ ಸಾಲಿಗೆ ಹೋಗೋ ದಾರ್ಯಾಗ ಐತಿ. ಅಷ್ಟ. ಒಳಗಿಂದ ಸೊಸಿ ಬಂದ್ಲು, ಮಗ ಬಂದ, ಇಲ್ಲದ ಮಂದಿ ಎಲ್ಲ ಬಂದ್ರು, ಫಾರಂನಾಗಿನ 29 ಪ್ರಶ್ನಿಗೂ ಉತ್ರ ಬಂತು, ಮ್ಯಾಲೆ ಒಂದು ವಾಟಿ ಚಾ.

ಇದನ್ನ ಚಂದ ಮಾಡಿ ಹೇಳಾಕತ್ತೀನಿ ಅನ್ನಬ್ಯಾಡ್ರಿ, ಇದರಾಗ ಒಂದು ಮುಳ್ಳೂ ಐತಿ. "ಯಾರ ಪೈಕಿ" ಅನ್ನೋದು ಬರೇ ನಂಟಸ್ತನದ ಪ್ರಶ್ನಿ ಅಲ್ಲ, ಅದರಾಗ ಜಾತಿನೂ ಕೇಳ್ದಂಗ ಆಗ್ತೈತಿ. ನನ್ನ ಉತ್ರ ಆಕಿಗೆ ಒಪ್ಪಿಗಿ ಆತು, ಚಾ ಬಂತು. ನನ್ನ ಜೊತಿ ಇದ್ದ ಇನ್ನೊಬ್ಬ ಮಾಸ್ತರಿಗೆ ಅದ ಊರಾಗ ಇನ್ನೊಂದು ಮನ್ಯಾಗ ಪೈಕಿ ಕೇಳಿದ ಮ್ಯಾಲೆ ನೀರು ಬರೋದು ನಿಂತಿತ್ತು. ಅವ ಅದನ್ನ ಬಾಯಿ ಬಿಟ್ಟು ಹೇಳಿದ್ದು ಎಷ್ಟೋ ವರ್ಷ ಆದ ಮ್ಯಾಲೆ.

ಆ ಮುದುಕಿ ಮನಿಗೂ ನಮ್ಮ ಮನಿಗೂ ಆಮ್ಯಾಲೆ ಹೋಗಿ ಬಂದು ಸುರು ಆತು. ಹುಣಸಿಹಣ್ಣು ಕಳಿಸಿದ್ಲು, ನಾವು ಅವರ ಮೊಮ್ಮಗಳ ಮದುವಿಗೆ ಹೋದ್ವಿ, ನಮ್ಮ ಮನೀ ಗೃಹಪ್ರವೇಶಕ್ಕ ಅವರು ಬಂದ್ರು. ಈಗ ಯಾರಾದ್ರೂ ಕೇಳಿದ್ರ ನನ್ನ ಹೆಂಡ್ತಿ ಏನಂತಾಳ ಗೊತ್ತೇನು, "ಅವ್ರದೂ ನಮ್ದೂ ಭಾಳ ಬಳಕಿ ಐತ್ರಿ". ನಂಟರಲ್ಲ, ಬೀಗರಲ್ಲ, ಬಳಕಿ ಮಂದಿ.

ನೀವು ಪೇಪರ್‌ನೋರು ಬಳಕೆ ಅಂದ್ರ ಉಪಯೋಗ ಅಂತ ಮಾತ್ರ ಮಾಡಿಬಿಟ್ಟೀರಿ. ನೀರಿನ ಬಳಕೆ, ಪ್ಲಾಸ್ಟಿಕ್ ಬಳಕೆ, ಮೊಬೈಲ್ ಬಳಕೆದಾರರು. ನಿಘಂಟು ತಗ್ದು ನೋಡ್ರಿ, ರೂಢಿ, ಉಪಯೋಗ, ಪರಿಚಯ, ಒಡನಾಟ ಎಲ್ಲಾ ಆ ಒಂದು ಶಬ್ದದಾಗ ಅದಾವ. ಬಳಸು ಅನ್ನೋ ಕ್ರಿಯಾಪದ ಇನ್ನೂ ಚಂದ. ಪಾತ್ರಿ ಬಳಸ್ತೀವಿ, ಗುಡಿ ಬಳಸಿ ಹೋಗ್ತೀವಿ, ಬಳಸು ದಾರಿ ಅಂತೀವಿ, ತೋಳಿನಿಂದ ಬಳಸೋದೂ ಅದ ಶಬ್ದ. ಎರಡು ಮನಿ ಮಂದಿ ಒಬ್ರ ಮನಿ ಒಬ್ರು ಸುತ್ತಾಡಿ ಸುತ್ತಾಡಿ ಹತ್ರ ಆಗೋದಕ್ಕ ಇದಕ್ಕಿಂತ ಸರಿಯಾದ ಶಬ್ದ ನನಗಂತೂ ಕಾಣ್ಲಿಲ್ಲ.

ವ್ಯಾಕರಣದ ಒಂದು ಮಾತು ಹೇಳಬೇಕು, ಮೇಷ್ಟ್ರ ಚಟ, ತಪ್ಪಿದ್ದಲ್ಲ. ಹೊಂದಾಣಿಕೆ ಅನ್ನೋದಕ್ಕ ಬೆನ್ನಿಗೆ ಬರೋದು ಮಾಡು. ಹೊಂದಾಣಿಕೆ ಮಾಡ್ಕೋ, ಮಾಡ್ಕೊಂಡು ಹೋಗು. ಒಬ್ರು ಹೇಳ್ತಾರ, ಇನ್ನೊಬ್ರು ಮಾಡಬೇಕು. ಬಳಕಿಗೆ ಆ ಮಾಡು ಹತ್ತಂಗಿಲ್ಲ. ಬಳಕಿ ಐತಿ, ಬಳಕಿ ಬೆಳೀತು, ಈಗೀಗ ಬಳಕಿ ಕಮ್ಮಿ ಆಗೈತಿ, ಹೊಲದ ಬದುವಿನ ಜಗಳ ಆದ ಮ್ಯಾಲೆ ಬಳಕಿ ಬಿಟ್ಟೈತಿ. ಇನ್ನೊಂದು, ಅದರ ಹಿಂದ ಯಾವಾಗ್ಲೂ "ಅವ್ರದೂ ನಮ್ದೂ" ಬಂದೇ ಬರ್ತೈತಿ, ಎರಡು ಊ. ಒಂದು ಊ ತಗದ್ರ ಮಾತು ಕುಂಟ್ತೈತಿ, "ನಮ್ದು ಬಳಕಿ ಐತಿ" ಅಂದ್ರ ಕೇಳಿದವ ತಕ್ಷಣ "ಯಾರದು ಯಾರದು" ಅಂತಾನ.

ಹೊಂದಾಣಿಕೆ ಮೊದ್ಲಿಂದ ಕೆಟ್ಟ ಶಬ್ದ ಅಲ್ಲ ಬಿಡ್ರಿ, ಹೊಂದು ಅನ್ನೋದು ಒಳ್ಳೇ ಮಾತು, ನಮ್ಮ ಕಡೆ ಹೊಂದಿಕಿ ಅಂತಾರ, ಎತ್ತಿನ ಜೋಡಿಗೂ ಹೊಂದಿಕಿ ನೋಡ್ತಾರ. ಕೆಡಿಸಿದ್ದು ಎರಡು ಕಡೆಯಿಂದ. ಒಂದು ನಿಮ್ಮ ರಾಜಕೀಯದ ಪುಟ, ಒಳ ಹೊಂದಾಣಿಕೆ, ಹೊಂದಾಣಿಕೆ ರಾಜಕಾರಣ ಅಂತ ಎಲೆಕ್ಷನ್ ಬಂದಾಗೆಲ್ಲ ಹಾಕಿ ಹಾಕಿ ಅದಕ್ಕ ಕಳ್ಳವ್ಯವಹಾರದ ವಾಸನಿ ಹತ್ತಿಸಿಟ್ರಿ. ಇನ್ನೊಂದು ನಿಮ್ಮ ವಧುವರರ ಕಾಲಂ. "ಹೊಂದಾಣಿಕೆ ಸ್ವಭಾವದ ವಧು ಬೇಕಾಗಿದೆ", ವಾರಕ್ಕ ನಾಕಾದ್ರೂ ಇರ್ತಾವ. ಹೊಂದಾಣಿಕೆ ಸ್ವಭಾವದ ವರ ಬೇಕು ಅಂತ ನಾನಂತೂ ಒಂದೂ ನೋಡಿಲ್ಲ. ನಮ್ಮ ದೊಡ್ಡ ಮಗಳನ್ನ ನೋಡಾಕ ಬಂದ ಒಂದು ಮನಿಯವರು, ಅವಲಕ್ಕಿ ತಿಂದು ಚಾ ಕುಡದು, "ಹುಡುಗಿ ಹೊಂದಾಣಿಕೆ ಮಾಡ್ಕೊಂಡು ಹೋಗ್ತಾಳೇನ್ರಿ" ಅಂದ್ರು. ನಾನು ಹ್ಞೂಂ ಅನ್ನಾಕ ಬಾಯಿ ತೆಗದಿದ್ದೆ. ನನ್ನ ಹೆಂಡ್ತಿ ಅಡಿಗಿ ಮನೀ ಬಾಗಲಾಗ ನಿಂತಗೊಂಡು "ಹುಡುಗ ಮಾಡ್ಕೊಂತಾನೇನ್ರಿ" ಅಂದ್ಲು. ಆ ಸಂಬಂಧ ಅಲ್ಲಿಗೇ ನಿಂತ್ತು, ಒಳ್ಳೇದ ಆತು.

ಇನ್ನು ದೊಡ್ಡ ಸಂಸ್ಕೃತ ಶಬ್ದಗಳು. ಸೌಹಾರ್ದ. ಒಳ್ಳೇ ಹೃದಯ ಇರೋದು ಅಂತ ಅದರ ಬೇರು, ಕೇಳಾಕ ಹಿತ. ಆದ್ರ 1997ರ ಸೌಹಾರ್ದ ಸಹಕಾರಿ ಕಾಯ್ದೆ ಬಂದ ಮ್ಯಾಲೆ ನಮ್ಮ ಗಂಗಾವತಿ, ಸಿಂಧನೂರು ಬಜಾರದಾಗ ಆ ಶಬ್ದ ಕಾಣೋದು ಸಾಲ ಕೊಡೋ ಸಹಕಾರಿಗಳ ಬೋರ್ಡಿನ ಮ್ಯಾಲೆ. "ಅವ್ರ ಜೊತಿ ಸೌಹಾರ್ದ ಐತಿ" ಅಂದ್ರ ಎಷ್ಟು ಪರ್ಸೆಂಟ್ ಬಡ್ಡಿ ಅಂತ ಕೇಳೋ ಕಾಲ. ಮತ್ತ ನೀವು ಅದಕ್ಕ ಸುಮ್ಮನ ಒಂದು ಬಾಲ ಹಚ್ಚಿ ಸೌಹಾರ್ದತೆ ಅಂತೀರಿ, ಸೌಹಾರ್ದ ಅಂದ್ರನ ಆ ಗುಣ, ಮತ್ತ ತೆ ಯಾಕ? ಭಾವೈಕ್ಯ ಅನ್ನೋದಕ್ಕೂ ಅದ ಗತಿ, ಭಾವೈಕ್ಯತೆ. ಮೊಹರಂ ಬಂತಂದ್ರ ನಮ್ಮ ಜಿಲ್ಲಾಗಳ ಸುದ್ದಿಗೆಲ್ಲ ಒಂದ ತಲೆಬರಹ, ಭಾವೈಕ್ಯತೆಯ ಮೊಹರಂ. ಮುದಗಲ್ಲಿನ ಮೊಹರಂ ನೋಡಾಕ ಎಲ್ಲೆಲ್ಲಿಂದೋ ಮಂದಿ ಬರ್ತಾರ, ನಾನೂ ಹೋಗೀನಿ. ಅಲಾಯಿ ಕುಣಿಯೋರನ್ನ, ದೇವರಿಗೆ ಸಕ್ರಿ ಓದಿಸಾಕ ನಿಂತ ಹೆಣ್ಮಕ್ಕಳನ್ನ ನಿಲ್ಸಿ ಕೇಳಿ ನೋಡ್ರಿ, ಒಬ್ರ ಬಾಯಾಗೂ ಭಾವೈಕ್ಯತೆ ಬರಂಗಿಲ್ಲ. ಹಬ್ಬ ನಮ್ದೂ ಐತ್ರಿ ಅಂತಾರ. ಇಲ್ಲಾಂದ್ರ ಮಾಮಾ, ಕಾಕಾ, ಅಳಿಯಾ ಅಂತ ಕರ್ಕೋತ ಹೋಗ್ತಾರ, ಆ ಕರಿಯೋದ್ರಾಗ ಎಲ್ಲಾ ಬಂತು.

ನಾನು ನಾಕು ವರ್ಷ ಸಿಂಧನೂರಿನ ಆರ್‌ಎಚ್ ಕ್ಯಾಂಪಿನ ಕಡೆ ಸಾಲ್ಯಾಗ ಇದ್ದೆ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ಮಂದೀನ ಇಲ್ಲಿ ತಂದು ನೆಲೆ ಮಾಡ್ಸಿದ್ದು ನಿಮಗ ಗೊತ್ತಿರ್ತೈತಿ. ಅಲ್ಲಿ ಹುಡುಗ್ರು ಜಗಳ ಆಡಿದ್ರ ಆಡಿ ಅಂತಾರ, ಮತ್ತ ಕೂಡಿದ್ರ ಭಾಬ್ ಅಂತಾರ. ನಮ್ಮ ಭಾವ ಅದು, ಬಂಗಾಲಿ ಬಾಯಾಗ ಭಾಬ್ ಆಗೈತಿ, ಅವರಿಗೆ ಅದು ಬರೇ ಮನಸ್ಸಿನಾಗಿಂದಲ್ಲ, ದೋಸ್ತಿ ಅಂತನೂ ಅರ್ಥ. ನಮ್ಮ ಕನ್ನಡದ ಹುಡುಗ್ರು ಟೂ ಬಿಡ್ತಿದ್ರು, ಅವರು ಆಡಿ ಅಂತಿದ್ರು, ಒಂದ ವಾರದಾಗ ಎರಡೂ ಕಡೆಯೋರು ಎರಡೂ ಕಲ್ತು ಟೂನೂ ಬಿಟ್ಟು ಭಾಬೂ ಮಾಡಾಕತ್ರು. ಅವರಿಗೆ ಯಾರೂ ಟ್ರೇನಿಂಗ್ ಕೊಟ್ಟಿರ್ಲಿಲ್ಲ.

ಬಳಕಿನ ಹೊಗಳಿ ಅಟ್ಟಕ್ಕ ಏರಿಸಾಕ ಹೊಂಟಿಲ್ಲ ನಾನು. ಅದಕ್ಕ ಒಂದು ನೆರಳು ಐತಿ, ಅದರ ಹೆಸರು ಮುಲಾಜು. ಉರ್ದುವಿನ ಮುಲಾಹಿಜಾ ಕನ್ನಡಕ್ಕ ಬಂದು ಮುಲಾಜು ಆತು, ಗಮನ ಕೊಡೋದು, ಮರ್ಯಾದಿ ಇಡೋದು ಅಂತ ಅಲ್ಲಿನ ಅರ್ಥ. ನಿಮ್ಮ ಪೇಪರಿನಾಗ ಅದು ಬರೋದು ಇಲ್ಲದಾಗ ಮಾತ್ರ, ಮುಲಾಜಿಲ್ಲದೆ ಕ್ರಮ ಕೈಗೊಳ್ಳಿ ಅಂತ. ನಮ್ಮಲ್ಲಿ ಮುಲಾಜು ಇರೋದ್ರಿಂದ ಏನಾಗ್ತೈತಿ ಹೇಳ್ತೀನಿ. ನನ್ನ ತಮ್ಮ ಭತ್ತ ಬೆಳೀತಾನ, ಗೊಬ್ಬರ, ಬೆಳಿಗೆ ಹೊಡಿಯೋ ಎಣ್ಣಿ ಎಲ್ಲಾ ಒಂದ ಅಡತಿ ಅಂಗಡ್ಯಾಗ ಉದ್ರಿ ತರ್ತಾನ, ಅಪ್ಪನ ಕಾಲದಿಂದ ಆ ಮನೀಗೂ ನಮಗೂ ಬಳಕಿ. ರಾಶಿ ಆದ ಮ್ಯಾಲೆ ಭತ್ತ ಅಲ್ಲೇ ಹಾಕಬೇಕು, 75 ಕೆಜಿ ಚೀಲಕ್ಕ ಹೊರಗಿನ ರೇಟಿಗಿಂತ 50 ರೂಪಾಯಿ ಕಮ್ಮಿ ಹಿಡಿದ್ರೂ ಇವ ಬಾಯಿ ಬಿಡಂಗಿಲ್ಲ. ಯಾಕೋ ಅಂದ್ರ "ಹೆಂಗ ಕೇಳ್ಲೋ ಅಣ್ಣಾ, ಬಳಕಿ ಮನಿ" ಅಂತಾನ. ಸಾವ್ಕಾರ ಮದುವಿಗೆ ಬರ್ತಾನ, ಮಣ್ಣಿಗೆ ಬರ್ತಾನ, ಆಸ್ಪತ್ರಿಗೆ ಹಾಕಿದ್ರ ರಾತ್ರಿ ಹನ್ನೆರಡಕ್ಕ ರೊಕ್ಕ ಕಳಿಸ್ತಾನ, ಮತ್ತ ಚೀಲಕ್ಕ 50 ರೂಪಾಯಿನೂ ಹಿಡೀತಾನ. ಬಳಕೆ ಅನ್ನೋದಕ್ಕ ಉಪಯೋಗ ಅನ್ನೋ ಅರ್ಥನೂ ಯಾಕ ಐತಿ ಅಂತ ಆವಾಗ ಹೊಳೀತೈತಿ.

ಹಂಗಾದ್ರ ನಿಮ್ಮ ಉದ್ಯೋಗದ ಪುಟದಾಗ "ಸಂದರ್ಶಕರ ಜೊತೆ ಬಳಕಿ ಬೆಳೆಸಿಕೊಳ್ಳಿ" ಅಂತ ಹಾಕ್ಬೇಕಿತ್ತೇನು? ಬ್ಯಾಡ್ರೀ ಮಾರಾಯ್ರೆ, ಅದು ಇನ್ನೂ ನಗೆಪಾಟಲು. ಹತ್ತು ನಿಮಿಷದ ಇಂಟರ್‌ವ್ಯೂದಾಗ ಬಳಕಿ ಹೆಂಗ ಆಗ್ತೈತಿ? ಅದಕ್ಕ ನಮ್ಮಲ್ಲಿ ಬ್ಯಾರೆ ಮಾತು ಐತಿ, ಮಾತು ಕೂಡೋದು. ಬಸ್ಸಿನಾಗ ಪಕ್ಕ ಕುಂತೋನ ಜೊತಿ ಮಾತು ಕೂಡ್ತು ಅಂತೀವಲ್ಲ, ಕೊಪ್ಪಳ ಬರೋದ್ರಾಗ ಅವನ ಮನೀ ಸುದ್ದಿ ಎಲ್ಲಾ ಗೊತ್ತಾಗಿರ್ತೈತಿ, ಇಳಿಯೋ ಮುಂದ ಹೆಸರು ಕೇಳಿರಂಗಿಲ್ಲ. ಆ ಮುದುಕಿ ಕಟ್ಟಿ ಮ್ಯಾಲೆ ತಂಬಿಗಿ ನೀರು ಕೊಟ್ಟಾಗ ಆಗಿದ್ದು ಮಾತು ಕೂಡಿದ್ದು, ಮದುವಿಗೆ ಹೋಗಿ ಬಂದ ಮ್ಯಾಲೆ ಆಗಿದ್ದು ಬಳಕಿ. ಇಂಗ್ಲಿಷಿನೋರು ಎರಡಕ್ಕೂ ರ‍್ಯಾಪೋ ಅಂದ್ಕೊಳ್ಳಲಿ, ಅವರ ಪಾಡು ಅವರಿಗೆ. "ಸಂದರ್ಶಕರ ಜೊತೆ ಮಾತು ಕೂಡುವಂತೆ ನೋಡಿಕೊಳ್ಳಿ" ಅಂತ ಬರೀರಿ, ಬೆಂಗಳೂರಿನೋರಿಗೂ ತಿಳೀತೈತಿ, ಬಳ್ಳಾರಿಯೋರಿಗೂ ತಿಳೀತೈತಿ, ಬ್ರಾಕೆಟ್ಟೂ ಬ್ಯಾಡ.

ಇದು ಹಳ್ಳಿ ಮಾತು, ಪೇಪರಿಗೆ ಬರಂಗಿಲ್ಲ ಅಂತ ನಿಮ್ಮ ಡೆಸ್ಕಿನೋರು ಅಂದ್ರ ಒಂದು ಮಾತು ನೆನಪು ಮಾಡ್ರಿ, 9ನೇ ಶತಮಾನದ ಕವಿರಾಜಮಾರ್ಗದಾಗ ಕನ್ನಡದ ತಿರುಳು ಇರೋ ನಾಡು ಯಾವ್ದು ಅಂತ ಹೇಳೋ ಕಡೆ ನಾಕು ಊರಿನ ಹೆಸರು ಬರ್ತಾವ, ಅದರಾಗ ಕೊಪಣ ಒಂದು. ಅದು ನಮ್ಮ ಕೊಪ್ಪಳ. ಈಗ ನಮ್ಮ ಮಾತು ಟಿವಿ ಕಾಮಿಡಿಗೆ ಮಾತ್ರ ಅಂತ ಆಗೈತಿ, ಅದು ಬ್ಯಾರೆ ಪತ್ರದ ವಿಷಯ, ಇನ್ನೊಮ್ಮೆ ಬರೀತೀನಿ.

ಹೋದ ವರ್ಷ, 2025ರ ಸೆಪ್ಟೆಂಬರ್ 22ಕ್ಕ ಸುರು ಆದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ನನ್ನ ಸೊಸಿ ಹೋಗಿದ್ಲು, ಆಕಿನೂ ಮೇಡಂ. ಈ ಸಲ ಮೊಬೈಲ್ ಆ್ಯಪು, 60 ಪ್ರಶ್ನಿ, ಓಟಿಪಿ ಬ್ಯಾರೆ. ಹೋಗೋ ಮುಂಜಾನಿ ನಾನು ಕರದು "ಮೊದ್ಲು ನೀರು ಕೇಳವ್ವ, ಪ್ರಶ್ನಿ ಆಮ್ಯಾಲೆ" ಅಂತ ಹೇಳಿ ಕಳಿಸಿದ್ದೆ. ಸಂಜಿಗೆ ಬಂದು ಚಪ್ಲಿ ಬಿಡ್ಕೋತನ "ಮಾವಾರ, ನೀವು ಹೇಳಿದಂಗ ನೀರು ಕೇಳಿದೆ, ಒಂದು ಸೀಲ್ ಬಾಟ್ಲಿ ಕೊಟ್ಟು ಬಾಗಲಾ ಹಾಕ್ಕೊಂಡ್ರು" ಅಂದ್ಲು. ಬಾಟ್ಲಿ ಟೇಬಲ್ ಮ್ಯಾಲೆ ಇಟ್ಲು, ಇನ್ನೂ ಬೂಚು ತಗದಿರ್ಲಿಲ್ಲ. ಮರುದಿನ ಅದ ಮನಿಗೆ ಮತ್ತ ಹೋದ್ಲು, ಈ ಸಲ ಬಾಗಲಾ ತಗದ ಹೆಣ್ಮಗಳು ಇವಳ ಕುಪ್ಪಸದ ಕಸೂತಿ ನೋಡಿ "ಎಲ್ಲಿ ಹಾಕ್ಸೀರಿ ಅಕ್ಕಾರ" ಅಂದ್ಲಂತ. 60 ಪ್ರಶ್ನಿ ಮುಗದ್ವು, ಓಟಿಪಿ ಮಾತ್ರ ಬರ್ಲಿಲ್ಲ, ಅದಕ್ಕಾಗಿ ಮೂರನೇ ದಿನ ಮತ್ತ ಹೋಗಬೇಕಾತು, ಆವತ್ತು ಊಟ ಮಾಡ್ಕೊಂಡ ಬಂದ್ಲು.

ಇಂತಿ ನಿಮ್ಮ ಹಳೇ ಓದುಗ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ,
ಗಂಗಾವತಿ, ಕೊಪ್ಪಳ ಜಿಲ್ಲಾ